ಬ್ಯಾಗಿನೊಳಗಿನ ಹಲ್ಲು

ಅತ್ತೆ ಬ್ರೆಡ್ಡಿನ ಅಂಚನ್ನು ಹಾಲಿನಲ್ಲಿ ಅದ್ದಿ, ಮೆತ್ತಗಾಗುವವರೆಗೆ ಕಾದು, ಬಾಯಿಗಿಟ್ಟುಕೊಂಡು ಒಸಡಿನಲ್ಲೇ ಅರೆಯುತ್ತಿದ್ದರು. ಕೆಲಸಕ್ಕೆ ಹೊರಟು ನಿಂತ ಸೊಸೆ ಬ್ಯಾಗಿನ ಜಿಪ್ಪು ಎಳೆಯುತ್ತ ಆ ಬಾಯಿಯನ್ನೇ ನೋಡಿದಳು. ಕೆನ್ನೆ ಒಳಕ್ಕೆ ಹೋಗಿ, ತುಟಿಯ ಸುತ್ತ ನೆರಿಗೆ ಕೂಡಿ, ಗಲ್ಲ ಮೂಗಿನತ್ತ ಏರಿ ಬರುತ್ತಿತ್ತು. ಎಂಥ ಚೆಂದದ ಮುಖ ಅಂದುಕೊಂಡಳು. ಮರುಕ್ಷಣವೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅತ್ತೆಯ ಹಲ್ಲಿನ ಸೆಟ್ಟು, ಮೇಲಿನದೂ ಕೆಳಗಿನದೂ, ಅದೇ ಬ್ಯಾಗಿನೊಳಗೆ ಡಬ್ಬಿಯಲ್ಲಿ ತಣ್ಣಗೆ ಕೂತಿತ್ತು.

"ಇವತ್ತಾದ್ರೂ ನನ್ನ ಹಲ್ಲು ಆಗುತ್ತೇನೇ?" ಅಂದರು ಅತ್ತೆ.

"ಕೆಲಸ ಮೈಮೇಲೆ ಬಿದ್ದಿದೆ ಅತ್ತೆ. ಹೊರಗಿನೋರದ್ದು ಮೊದಲು ಕೊಡ್ಬೇಕು."

ಸುಳ್ಳು ಈಗೀಗ ತಡವರಿಸದೆ ಬರುತ್ತಿತ್ತು. ಊರಿಗೆಲ್ಲ ಹಲ್ಲು ಮಾಡಿಕೊಡುವವಳಿಗೆ ನಮ್ಮಮ್ಮನ ಬಾಯಿ ಮಾತ್ರ ಕಾಣಿಸಲ್ಲ ಅಂತ ಗಂಡ ಒಂದೆರಡು ಸಲ ಚುಡಾಯಿಸಿದ್ದ. ಪಾಪ, ಅವನಿಗೇನು ಗೊತ್ತು, ಆ ಬಾಯಿ ಬಿಟ್ಟು ಅವಳಿಗೆ ಬೇರೇನೂ ಕಾಣಿಸುತ್ತಿರಲಿಲ್ಲ.

ದಂತವೈದ್ಯರ ಲ್ಯಾಬಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೇಣದಲ್ಲಿ ಹಲ್ಲು ಕೂರಿಸುವುದು ಅವಳ ಹೊಟ್ಟೆಪಾಡು. ಮನೆಗೆ ಬಂದ ಮೇಲೆ, ಕಿಟಕಿಯ ಬೆಳಕು ಆರುವ ಮುಂಚಿನ ಇಷ್ಟೇ ಇಷ್ಟು ಹೊತ್ತು, ಜೇಡಿಮಣ್ಣಿನಲ್ಲಿ ಮನುಷ್ಯರ ತಲೆ ತಿದ್ದುವುದು ಅವಳ ಹುಚ್ಚು. ಹಿಂದೆ ಮಾಡಲು ಹೋದ ತಲೆಗಳೆಲ್ಲ ಅರ್ಧಕ್ಕೇ ಒಣಗಿ ಬಿರುಕು ಬಿಟ್ಟಿದ್ದವು. ಹಸಿಮಣ್ಣನ್ನು ನಡುಮಧ್ಯಾಹ್ನ ಯಾರಾದರೂ ಒದ್ದೆ ಮಾಡಬೇಕು, ಆ ಹೊತ್ತಿಗೆ ಅವಳು ಯಾರದೋ ದವಡೆ ಉಜ್ಜುತ್ತಿರುತ್ತಾಳೆ. ಈ ಸಲ ಅತ್ತೆಯ ತಲೆಗೇ ಕೈಹಾಕಿದಳು. ಅದು ಮಾತ್ರ ಉಳಿಯಿತು. ದಿನಾ ಮಧ್ಯಾಹ್ನ ಅದಕ್ಕೆ ಹೊದಿಸಿದ ಬಟ್ಟೆ ಸರಿಸಿ ನೀರು ಚಿಮುಕಿಸುತ್ತಿದ್ದವರು ಅತ್ತೆಯೇ.

ಅಳತೆಗೆಂದು ಮೇಣದ ಹಲ್ಲನ್ನು ಹಾಕಿ ನೋಡಿದ ದಿನ ಅತ್ತೆಯ ಕೆನ್ನೆ ತುಂಬಿಕೊಂಡು, ತುಟಿ ಮುಂದೆ ಬಂತು. ಡಾಕ್ಟರು ಶಹಬ್ಬಾಸ್ ಅಂದರು. ಇವಳ ಎದೆ ಮಾತ್ರ ಧಸಕ್ಕೆಂದಿತು. ಮಣ್ಣಿನ ತಲೆಯಲ್ಲಿ ಆ ಬೊಚ್ಚುಬಾಯಿ ಇನ್ನೂ ಬಾಕಿ ಇತ್ತು. ಪುರುಸೊತ್ತಿದ್ದವಳಾಗಿದ್ದರೆ ವಾರದಲ್ಲಿ ಮುಗಿಸಿಬಿಡುತ್ತಿದ್ದಳು. ಸೆಟ್ಟು ತಯಾರಾದಾಗ, ಮನೆಯಲ್ಲಿ ನಾನೇ ಹಾಕಿಸುತ್ತೇನೆ ಅಂತ ಡಾಕ್ಟರಿಂದ ಇಸಿದುಕೊಂಡು ಬಂದಳು. ಆಮೇಲೆ ಅವರು ಕೇಳಿದಾಗ ಚೆನ್ನಾಗಿ ಕೂತಿದೆ ಅಂದಳು. ಇವತ್ತು ಕೊಟ್ಟೇಬಿಡಬೇಕು ಅಂತ ಪ್ರತಿ ಸಂಜೆ ಅಂದುಕೊಳ್ಳುವಳು, ಬೆಳಿಗ್ಗೆ ಮತ್ತೆ ಅದನ್ನೇ ಹೊತ್ತು ಬಸ್ಸು ಹತ್ತುವಳು. ಅತ್ತೆಯ ಹಲ್ಲು ಊರೆಲ್ಲ ಸುತ್ತಿತು, ಅವರ ಬಾಯೊಂದನ್ನು ಬಿಟ್ಟು.

ಆ ಸಂಜೆ ಬಂದಾಗ ಅತ್ತೆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಆಗಲೇ ಕೂತಿದ್ದರು. ಇವಳು ಕೈ ತೊಳೆದು ಮಣ್ಣಿನ ತಲೆಯ ಒದ್ದೆ ಬಟ್ಟೆ ಬಿಚ್ಚಿ, ಕೆಳದುಟಿಗೆ ಮಣ್ಣು ಹಚ್ಚಿದಳು. ಅತ್ತೆ ತಲೆ ಅಲ್ಲಾಡಿಸದೆ ಹೇಳಿದರು:

"ಮಧ್ಯಾಹ್ನ ನಿಮ್ಮ ಡಾಕ್ಟ್ರು ಫೋನ್ ಮಾಡಿದ್ರು ಕಣೇ. ಹಲ್ಲು ಎಲ್ಲೂ ಒತ್ತುತ್ತಿಲ್ಲ ತಾನೇ ಅಂತ ಕೇಳಿದ್ರು."

ಮಣ್ಣಿನ ತುಟಿಯ ಮೇಲೆ ಸೊಸೆಯ ಹೆಬ್ಬೆರಳು ಹಾಗೇ ನಿಂತಿತು.

"ಇಲ್ಲ ಡಾಕ್ಟ್ರೇ, ಹೇಳಿ ಮಾಡಿಸಿದ ಹಾಗಿದೆ ಅಂದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಣ್ಣು ಮೆತ್ತಿದ ಕೈಯಲ್ಲೇ ಬ್ಯಾಗು ತಡಕಾಡಿ ಡಬ್ಬಿ ತೆಗೆದು ಅವರ ಮಡಿಲಲ್ಲಿಟ್ಟಳು. ಮುಖವನ್ನು ನೋಡಲಾಗಲಿಲ್ಲ. "ತಪ್ಪಾಯ್ತು ಅತ್ತೆ. ಇನ್ನು ಮಣ್ಣು ಮುಟ್ಟಲ್ಲ" ಅಂದಳು.

ಅತ್ತೆ ಡಬ್ಬಿ ತೆರೆದರು. ಎದ್ದು ನಲ್ಲಿಯಲ್ಲಿ ಸೆಟ್ಟು ತೊಳೆದು, ಮೊದಲು ಕೆಳಗಿನದು, ಆಮೇಲೆ ಮೇಲಿನದು ಕೂರಿಸಿಕೊಂಡರು. ಒಂದೆರಡು ಸಲ ಕಚ್ಚಿ ನೋಡಿದರು. ಬುಟ್ಟಿಯಿಂದ ಒಂದು ಸೇಬು ತೆಗೆದು, ಕತ್ತರಿಸಲೂ ಇಲ್ಲ, ಸಿಪ್ಪೆ ಸಮೇತ ಕಚ್ಚಿದರು. ಕರಕರ ಸದ್ದು ಆ ಪುಟ್ಟ ಕೋಣೆಯನ್ನೆಲ್ಲ ತುಂಬಿತು. ಕಣ್ಣು ಮುಚ್ಚಿಕೊಂಡು ತಿಂದರು. ಇಷ್ಟು ದಿನ ಈ ಜೀವ ಎಷ್ಟು ಆಸೆಪಟ್ಟಿತ್ತು ಅಂತ ಸೊಸೆಗೆ ಆಗ ತಿಳಿಯಿತು. ತುಂಬಿದ ಕೆನ್ನೆಯ, ಕೆಳಗಿಳಿದ ಗಲ್ಲದ ಆ ಹೆಂಗಸನ್ನು ಅವಳು ಎಲ್ಲೂ ನೋಡಿದ ಹಾಗಿರಲಿಲ್ಲ.

ಬೀಜದವರೆಗೂ ತಿಂದು ಮುಗಿಸಿದ ಅತ್ತೆ ಸೆಟ್ಟನ್ನು ಬಿಚ್ಚಿ ತೊಳೆದು, ನೀರು ತುಂಬಿದ ಲೋಟದಲ್ಲಿ ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟರು. ಸ್ಟೂಲಿಗೆ ಬಂದು ಕೂತು, ಎಡಗೆನ್ನೆಯನ್ನು ಬೆಳಕಿನ ಕಡೆ ತಿರುಗಿಸಿದರು.

"ಬೆಳಕು ಹೋಗುತ್ತೆ," ಅಂದರು. "ಬಾ."

ಮಣ್ಣಿನ ತಲೆಗೆ ಹೊದಿಸಲೆಂದು ಸೊಸೆ ಎತ್ತಿಕೊಂಡಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.