ಸದ್ದಿಲ್ಲದ ಕೈಗಡಿಯಾರ

ನಿಲಂಗಾದ ಕೋರ್ಟಿನಲ್ಲಿ ಕಾರಕೂನರಾಗಿದ್ದ ರಾಚಯ್ಯನವರು ನಿವೃತ್ತರಾದ ಮೇಲೆ ಹಳೆಯ ಕೈಗಡಿಯಾರಗಳ ಹುಚ್ಚಿಗೆ ಬಿದ್ದರು. ದಿನಾ ಚಾವಿ ಕೊಡುವಂಥವೇ ಆಗಬೇಕು. ಗುಜರಿ ಅಂಗಡಿಯಲ್ಲೋ ನೆಂಟರ ಟ್ರಂಕಿನ ತಳದಲ್ಲೋ ಸಿಕ್ಕಿದ್ದನ್ನು ತಂದು, ಕಿಟಕಿಯ ಪಕ್ಕ ಕೂತು ಬಿಚ್ಚಿ, ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಮತ್ತೆ ನಡೆಸುವುದರಲ್ಲಿ ಅವರಿಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ.

"ಅಹೋ, ಮನಿ ತುಂಬ ಗಡ್ಯಾರ ಅವ. ಊಟದ ಟೈಮ್ ಮಾತ್ರ ಒಂದಕ್ಕೂ ಗೊತ್ತಿಲ್ಲ ನೋಡ್ರಿ," ಎಂದು ಹೆಂಡತಿ ಸುಮನಬಾಯಿ ಅಡುಗೆಮನೆಯಿಂದಲೇ ಚುಚ್ಚುವರು. ಆದರೆ ಗಂಡ ಕೆಲಸ ಮಾಡುವಾಗ ಗಾಳಿಗೆ ಸ್ಕ್ರೂ ಹಾರದಿರಲೆಂದು ಫ್ಯಾನ್ ಆರಿಸಿ, ತಾವು ಸೆರಗಿನಿಂದ ಬೀಸಿಕೊಳ್ಳುತ್ತ ಕೂಡುವವರೂ ಅವರೇ.

ಆ ಬೇಸಿಗೆಯಲ್ಲಿ ರಾಚಯ್ಯನವರು ತಮ್ಮದೇ ಒಂದು ಗಡಿಯಾರ ಕಟ್ಟಿ ಮುಗಿಸಿದ್ದರು. ಕಪ್ಪು ಡಯಲ್ ಮೇಲೆ ಎಳೆಕುಂಚದಿಂದ ಬಿಳಿಯ ಕನ್ನಡ ಅಂಕಿಗಳನ್ನು ಬರೆದಿದ್ದರು. ಬರುವ ಭಾನುವಾರ ಉದಗೀರಿನಲ್ಲಿ ಇಂಥ ಹುಚ್ಚಿನವರೆಲ್ಲ ಸೇರುವವರಿದ್ದರು. ಗೆಳೆಯ ಕೈಲಾಸನೂ ಬರುವವನೇ. "ರಾಚಯ್ಯ ಮಂದಿ ಗಡ್ಯಾರ ರಿಪೇರಿ ಮಾಡ್ತಾನ, ತನ್ನದು ಅಂತ ಒಂದೂ ಮಾಡಂಗಿಲ್ಲ" ಎಂದು ವರ್ಷಗಟ್ಟಲೆ ಕೆಣಕಿದವನ ಮುಂದೆ ಇದನ್ನಿಡಬೇಕೆಂದು ಅವರಿಗೆ ಮಗುವಿನಂಥ ಆಸೆ.

ಅದರೊಳಗಿನ ಮಷಿನ್ ಮಾಳವ್ವನ ಗಡಿಯಾರದ್ದು. ಮಾಳವ್ವ ದೇವಣಿ ಕಡೆಯ ಕುರುಬರ ಹೆಣ್ಣುಮಗಳು. ಹೋದ ತಿಂಗಳು ಸಂತೆಗೆ ಬಂದವಳು ನಿಂತುಹೋದ ಗಡಿಯಾರವೊಂದನ್ನು ತಂದುಕೊಟ್ಟಿದ್ದಳು. ಅದಕ್ಕೆ ಪಟ್ಟಾ ಇರಲಿಲ್ಲ, ಉಣ್ಣೆಯ ಹುರಿ ಕಟ್ಟಿತ್ತು. ಮುಚ್ಚಳ ತೆಗೆದರೆ ಒಳಗೂ ಉಣ್ಣೆಯ ಎಳೆಗಳು. ಕೈಗೆ ಕಟ್ಟುವ ಗಡಿಯಾರದೊಳಗೆ ಇಷ್ಟು ಉಣ್ಣೆ ಹೇಗೆ ಹೋಯಿತೆಂದು ರಾಚಯ್ಯನವರಿಗೆ ಸೋಜಿಗ. ಒಳಗಿನ ಸ್ಪ್ರಿಂಗ್ ತುಂಡಾಗಿತ್ತು. ಮುದುಕಿ ದಿನಾ ಯಾಕೆ ಚಾವಿ ತಿರುವಬೇಕೆಂದು ಅವರು ಅದೇ ಡಬ್ಬಿಯೊಳಗೆ ಸೆಲ್ಲಿನ ಹೊಸ ಮಷಿನ್ ಕೂಡಿಸಿಕೊಟ್ಟರು. "ಹಳೇದು ನಾ ಇಟ್ಕೋಲೇನವ್ವ?" ಎಂದಾಗ ಮಾಳವ್ವ, "ಇಟ್ಕೋರಿ ಅಯ್ನೋರ, ನಾ ಏನ್ ಮಾಡಲಿ," ಎಂದಿದ್ದಳು. ಉಣ್ಣೆಯ ಬಗ್ಗೆ ಕೇಳಬೇಕೆನ್ನುವಷ್ಟರಲ್ಲಿ ಅವಳು ಎಸ್‌ಟಿ ಬಸ್ಸಿಗೆಂದು ಹೊರಟುಬಿಟ್ಟಿದ್ದಳು. ಆಮೇಲೆ ಆ ಹಳೆಯ ಮಷಿನ್ನಿಗೆ ಒಪ್ಪುವ ಸ್ಪ್ರಿಂಗ್ ಸಿಕ್ಕಿತು.

ಶುಕ್ರವಾರ ಮಾಳವ್ವ ಮತ್ತೆ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕಂದಿತ್ತು. ಸುಮನಬಾಯಿ ಕೊಟ್ಟ ನೀರು ಕುಡಿದು, ಗಡಿಯಾರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ನಿಮ್ಮ ಕೆಲಸ ಭಾಳ ಚಂದ ಅದ ರೀ. ಟೈಮ್ ಬರೋಬರ್ ತೋರಸ್ತದ. ಆದ್ರ ಇದು ಸತ್ತದ."

"ನಡೀಲಿಕ್ಕ ಹತ್ಯದಲ್ಲವ್ವ, ನೋಡು ಮುಳ್ಳು."

"ಮುಳ್ಳು ಯಾರಿಗೆ ಬೇಕ್ರೀ? ಆವಾಜ್ ಎಲ್ಲದ?"

ರಾಚಯ್ಯನವರು ಕಿವಿಗೆ ಹಿಡಿದರು. ಸೆಕೆಂಡಿಗೊಮ್ಮೆ ಎಲ್ಲೋ ಸೂಜಿ ಬಿದ್ದಷ್ಟು ಸದ್ದು. ಸುಮನಬಾಯಿಗೆ ನಗು ಬಂತು. "ಗಡ್ಯಾರ ಟೈಮ್ ಹೇಳಿದ್ರ ಸಾಲದೇನು ಮಾಳವ್ವ? ಹಾಡೂ ಹಾಡಬೇಕೇನು?"

"ನನಗಲ್ಲ ರೀ ಅಕ್ಕಾರ, ಮರಿಗೆ," ಎಂದಳು ಮಾಳವ್ವ. "ತಾಯಿ ಈಯುವಾಗ ಸತ್ತೋತು. ಬ್ಯಾರೆ ಕುರಿ ಹತ್ರ ಬಿಟ್ಕೊಳ್ಳವಲ್ವು. ಬಾಟ್ಲಿ ಹಿಡದ್ರ ಮಾರಿ ತಿರಗಸ್ತದ. ನಮ್ಮ ಅತ್ತಿ ಕಾಲದಿಂದ ಪರದೇಶಿ ಮರಿ ಬಗಲಾಗ ಈ ಗಡ್ಯಾರ ಕಂಬಳ್ಯಾಗ ಸುತ್ತಿ ಇಡತೀವಿ. ತಾಯಿ ಎದಿ ಬಡಕೊಂಡಂಗ ಕೇಳ್ತದಲ್ಲ, ಸುಮ್ಮ ಆಗಿ ಹಾಲು ಕುಡೀತದ. ಈಗ ನಿನ್ನಿಯಿಂದ ಗುಟುಕು ಹಾಲು ಹೊಟ್ಟಿಗಿಲ್ಲ. ನಾಳಿತನಕ ತಾಳಂಗಿಲ್ಲ ಅನಸ್ತದ."

ಉಣ್ಣೆ ಎಲ್ಲಿಂದ ಬಂತೆಂಬುದು ರಾಚಯ್ಯನವರಿಗೆ ಈಗ ತಿಳಿಯಿತು. ಇಷ್ಟು ದೂರ ಬಂದೂ ಅವಳ ಬಾಯಿಂದ ಒಂದು ಆಕ್ಷೇಪದ ಮಾತಿಲ್ಲ. ಅವರು ಡ್ರಾವರ್ ಎಳೆದು, ನಡೆಯುವ ಗಡಿಯಾರಗಳನ್ನೆಲ್ಲ ಸಾಲಾಗಿ ಇಟ್ಟರು. "ಯಾವದು ಬೇಕೋ ತಗೋ."

ಮಾಳವ್ವ ಕಣ್ಣುಮುಚ್ಚಿ ಒಂದೊಂದನ್ನೇ ಕಿವಿಗೆ ಹಿಡಿದಳು. "ಇದು ಇಲಿ ಕಡದಂಗ ಅದ." ಇನ್ನೊಂದು. "ಇದಕ್ಕ ಭಾಳ ಅವಸರ." ಮತ್ತೊಂದು. "ಇದರ ದನಿ ಸಣ್ಣದು, ಕಂಬಳಿ ದಾಟಂಗಿಲ್ಲ." ಸುಮನಬಾಯಿಯೂ ಕುತೂಹಲದಿಂದ ಒಂದನ್ನು ಕಿವಿಗೆ ಹಿಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಪ್ರತಿಯೊಂದರ ದನಿ ಬೇರೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಮಾಳವ್ವನ ಕೈ ಕಿಟಕಿಯ ಬಳಿಯ ಕಪ್ಪು ಗಡಿಯಾರಕ್ಕೆ ಹೋಯಿತು. ಕಿವಿಗೆ ಹಿಡಿದವಳು ಕಣ್ಣು ಬಿಟ್ಟಳು.

"ಇದು ನಮ್ಮ ಗಡ್ಯಾರದ್ದೇ ಆವಾಜ್ ರೀ!"

ರಾಚಯ್ಯನವರು ತಲೆದೂಗಿದರು. ಮಾಳವ್ವ ಅಂಕಿಗಳ ಮೇಲೆ ಬೆರಳಾಡಿಸಿ, ಅದನ್ನು ಇದ್ದ ಜಾಗದಲ್ಲೇ ಇಟ್ಟಳು. "ಇಷ್ಟು ಚಂದ ಮಾಡೀರಿ. ಬ್ಯಾಡ ಬಿಡ್ರಿ. ಕುರಿ ಹಟ್ಟ್ಯಾಗ ಇದು ಉಳಿಯಂಗಿಲ್ಲ, ಹಾಲು ಹನೀತದ, ಮರಿ ನೆಕ್ಕತದ."

ಮಷಿನ್ ಬಿಚ್ಚಿ ಅವಳ ಡಬ್ಬಿಗೆ ಹಾಕಬಹುದಿತ್ತು. ಆದರೆ ಅವಸರದಲ್ಲಿ ಮಾಡುವ ಕೆಲಸವಲ್ಲ ಅದು, ಸಂಜೆಯಾಗುತ್ತಿತ್ತು. ದೇವಣಿಯ ಎಸ್‌ಟಿ ತಪ್ಪಿದರೆ ಅವಳು ಇಲ್ಲೇ ಉಳಿಯಬೇಕು. ರಾಚಯ್ಯನವರಿಗೆ ಕೈಲಾಸನ ನಗುವ ಮುಖ ಕಣ್ಣೆದುರು ಬಂತು. ಗಡಿಯಾರವನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಸುಮನಬಾಯಿ ಗಂಡನ ಚಪ್ಪಲಿ ತಂದು ಬಾಗಿಲ ಬಳಿ ಜೋಡಿಸಿಟ್ಟರು.

"ನಡಿಯವ್ವ," ಎಂದರು ರಾಚಯ್ಯನವರು, ಹೊಸ ಚರ್ಮದ ಪಟ್ಟಾ ಬಿಚ್ಚುತ್ತ. "ನಾನೂ ಬರ್ತೀನಿ. ಮರಿ ಖರೇನೇ ಕೇಳ್ತದೇನು, ನನಗ ನೋಡಬೇಕಾಗ್ಯದ."

ಹಟ್ಟಿ ಮುಟ್ಟಿದಾಗ ಹೊತ್ತು ಮುಳುಗುತ್ತಲಿತ್ತು. ಮರಿ ಮೂಲೆಯಲ್ಲಿ ಕತ್ತು ಚಾಚಿ ಮಲಗಿತ್ತು. ಅರಚುವ ಶಕ್ತಿಯೂ ಉಳಿದಿರಲಿಲ್ಲ. ಮಾಳವ್ವ ಗಡಿಯಾರಕ್ಕೆ ಚಾವಿ ಕೊಟ್ಟು, ಕಂಬಳಿಯ ತುಂಡಿನಲ್ಲಿ ಸುತ್ತಿ ಅದರ ಪಕ್ಕೆಗೆ ಒತ್ತಿ ಇಟ್ಟಳು. ರಾಚಯ್ಯನವರು ಧೋತರ ಮೇಲೆತ್ತಿಕೊಂಡು ಹಿಕ್ಕೆಗಳ ನಡುವೆಯೇ ಕೂತರು.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮರಿಯ ಒಂದು ಕಿವಿ ಅಲುಗಿತು. ಅದು ಮೂತಿ ತಿರುಗಿಸಿ ಕಂಬಳಿಯನ್ನು ಮೂಸಿತು, ಒಮ್ಮೆ ಗುದ್ದಿತು, ಕೆಚ್ಚಲು ಹುಡುಕುವ ಹಾಗೆ.

"ಹಿಡೀರಿ, ಹಿಡೀರಿ, ನೀವೇ ಹಿಡೀರಿ," ಎಂದು ಮಾಳವ್ವ ಬಾಟಲಿಯನ್ನು ಅವರ ಕೈಗಿತ್ತಳು.

ಮರಿ ಮೊದಲು ಮುಖ ತಿರುಗಿಸಿತು. ಎರಡನೆಯ ಸಲ ಬಾಯಿಗೆ ತೆಗೆದುಕೊಂಡು ಚೀಪಿತು. ಆ ಎಳೆತ ರಾಚಯ್ಯನವರ ಮಣಿಕಟ್ಟಿನವರೆಗೂ ಬಂತು. ಮರಿಯ ಪುಟ್ಟ ಬಾಲ ಪಟಪಟನೆ ಅಲ್ಲಾಡತೊಡಗಿತು.

"ಎಷ್ಟು ದಿನ ಬೇಕವ್ವ ಇದಕ್ಕ ಗಡ್ಯಾರ?"

"ತಾನ ಹುಲ್ಲು ಕಡಿಯೂತನಕ," ಎಂದಳು ಮಾಳವ್ವ. "ಬಾಟ್ಲಿ ಇನ್ನ ಜರಾ ಎತ್ತಿ ಹಿಡೀರಿ ಅಯ್ನೋರ, ಗಾಳಿ ಕುಡೀಲಿಕ್ಕ ಹತ್ಯದ."

ರಾಚಯ್ಯನವರು ಎತ್ತಿ ಹಿಡಿದರು.