ಜಂಪಣ್ಣ ಸೈಕಲ್ಲಿಗೆ ಲೈಟು ಹಾಕಿಸಿದ್ದು

ನಮ್ಮ ಕಡೆ ಬೆಳಗಿನ ಜಾವ ಐದೂವರೆಗೆ ಎದ್ದು ಬಂದು ರಸ್ತೆ ನೋಡಿ. ಯಾರೂ ಕಾಣುವುದಿಲ್ಲ. ಆದರೆ ಅರ್ಧ ಊರು ಅಲ್ಲೇ ಇರುತ್ತದೆ! ಹಾಲಿನವರು, ಹೂವಿನವರು, ಹೊಲಕ್ಕೆ ನೀರು ಕಟ್ಟಲು ಹೊರಟವರು, ಎಲ್ಲರೂ ಸೈಕಲ್ ಮೇಲೆ ಕತ್ತಲಲ್ಲಿ ತೇಲಿಕೊಂಡು ಹೋಗುತ್ತಿರುತ್ತಾರೆ. ಎದುರಿಗೆ ಯಾರಾದರೂ ಬಂದರೆ ಕೆಮ್ಮುತ್ತಾರೆ. ಕೆಮ್ಮೇ ಅವರ ಹಾರನ್ನು, ಕೆಮ್ಮೇ ಅವರ ಲೈಟು.

ಜಂಪಣ್ಣನೂ ಅಂಥವನೇ. ರಾಂಪುರದಿಂದ ಮೂರು ಕಿಲೋಮೀಟರ್ ಆಚೆ ಅವನ ಊರು. ಮನೆಯಲ್ಲಿ ಎರಡು ಎಮ್ಮೆ, ಹೆಂಡತಿ ಜೋಗಮ್ಮ, ಮದುವೆಯಲ್ಲಿ ಮಾವ ಕೊಟ್ಟ ಕಪ್ಪು ಸೈಕಲ್ಲು. ದಿನಾ ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ರಾಂಪುರದ ಡೈರಿಗೆ ಹೋಗುತ್ತಾನೆ. ಹಾಲು ಹಾಕಿದ ಮೇಲೆ ಅಲ್ಲೇ ಪಕ್ಕದ ಹೋಟೆಲಿನಲ್ಲಿ ಟೀ ಕುಡಿದು, ಊರ ಮೇಲಿನ ಮಾತೆಲ್ಲ ಆಡಿ ಬರುತ್ತಾನೆ. ಆ ಒಂದು ಗಂಟೆ ಅವನಿಗೆ ಹಬ್ಬ.

"ಸೈಕಲ್ಲಿಗೆ ಒಂದು ಲೈಟು ಹಾಕಿಸ್ರಿ" ಅಂತ ಜೋಗಮ್ಮ ಹೇಳಿ ಹೇಳಿ ಸಾಕಾಗಿದ್ದಳು.

"ನಲವತ್ತು ವರ್ಷ ತುಳಿದಿರೋ ದಾರಿ ಕಣೇ. ಯಾವ ಗುಂಡಿ ಎಲ್ಲೈತೆ ಅಂತ ನನ್ನ ಸೈಕಲ್ಲಿಗೇ ಗೊತ್ತೈತೆ. ಲೈಟು ದಾರಿ ಗೊತ್ತಿಲ್ದೋರಿಗೆ" ಎಂದು ಜಂಪಣ್ಣ ಮೀಸೆ ತಿರುವುತ್ತಿದ್ದ.

ಅದು ಹುರುಳಿ ಕೀಳುವ ಕಾಲ. ನಮ್ಮಲ್ಲಿ ಹುರುಳಿಗೆ ಬೇರೆ ಕಣ ಯಾಕೆ? ಡಾಂಬರು ರಸ್ತೆಯ ಮೇಲೆ ಹಾಸಿದರೆ ಬಸ್ಸು, ಟ್ರ್ಯಾಕ್ಟರು ತುಳಿದು ಬಿಟ್ಟಿ ಒಕ್ಕಣೆ ಮಾಡಿಕೊಡುತ್ತವೆ. ಸಂಜೆ ಗುಡ್ಡೆ ಹಾಕಿ, ರಾತ್ರಿ ಯಾರೂ ಗಾಡಿ ಹತ್ತಿಸಬಾರದು ಅಂತ ಸುತ್ತ ದಪ್ಪ ಕಲ್ಲು ಇಟ್ಟು ಬರುತ್ತೇವೆ. ಇದು ತಪ್ಪು ಅಂತ ಎಲ್ಲರಿಗೂ ಗೊತ್ತು, ಆದರೂ ಬಿಡುವುದಿಲ್ಲ.

ಒಂದು ಸೋಮವಾರ ಕತ್ತಲಲ್ಲಿ ಜಂಪಣ್ಣನ ಸೈಕಲ್ಲು ಆ ಕಲ್ಲಿಗೆ ಹೊಡೆಯಿತು. ಸೈಕಲ್ಲು ಒಂದು ಕಡೆ, ಕ್ಯಾನು ಒಂದು ಕಡೆ, ಜಂಪಣ್ಣ ಹುರುಳಿಯ ಒಳಗೆ. ಹಾಲೆಲ್ಲ ನಾಯಿಗಳ ಪಾಲಾಯಿತು.

"ಯಾವನಲೇ ಅವನು ರಸ್ತೆ ಮಧ್ಯೆ ಕಲ್ಲಿಟ್ಟ ಮುಠ್ಠಾಳ! ಬುದ್ಧಿ ಐತೇನಲೇ ಅವನಿಗೆ!" ಎಂದು ಅವನು ಕೂಗಿದ ಕೂಗಿಗೆ ಊರೇ ಎದ್ದಿತು.

ಮೊಬೈಲ್ ಬೆಳಕು ಹಿಡಿದು ಓಡಿ ಬಂದ ಜೋಗಮ್ಮ ಮೊದಲು ಗಂಡನ ಕೈಕಾಲು ಮುಟ್ಟಿ ನೋಡಿದಳು. ಮೊಣಕಾಲು ತರಚಿತ್ತು, ಅಷ್ಟೆ. ಆಮೇಲೆ ಹೇಳಿದಳು: "ಸ್ವಲ್ಪ ಮೆತ್ತಗೆ ಬೈರಿ. ನಿನ್ನೆ ಸಂಜೆ ಆ ಕಲ್ಲಿಟ್ಟೋರು ನೀವೇ."

ಸುತ್ತ ನಿಂತವರಿಗೆ ನಗು ತಡೆಯಲಾಗಲಿಲ್ಲ. ಜೋಗಮ್ಮ ಮಾತ್ರ ನಗಲಿಲ್ಲ. ಮನೆಗೆ ಬಂದ ಮೇಲೆ ಖಡಾಖಂಡಿತ ಹೇಳಿದಳು: "ಇನ್ನೊಂದು ಸಲ ಬಿದ್ದು ಬಂದ್ರೆ ನಮ್ಮಪ್ಪ ಕೊಟ್ಟ ಸೈಕಲ್ಲು ಅಂತಾನೂ ನೋಡಲ್ಲ, ಗುಜರಿಗೆ ಹಾಕ್ತೀನಿ. ಹಾಲು ಆಟೋಗೆ ಕೊಟ್ಟು ಕಳಿಸಿದ್ರಾಯ್ತು. ನೀವು ಮನೇಲಿ ಕೂತ್ಕಳ್ರಿ."

ಜಂಪಣ್ಣ ಲೆಕ್ಕ ಹಾಕಿದ. ಸೈಕಲ್ಲು ಹೋದರೆ ಡೈರಿಯೂ ಹೋಯಿತು, ಟೀ ಮಾತೂ ಹೋಯಿತು. ಆದರೂ ಲೈಟು ಕೊಳ್ಳಲು ಅಂಗಡಿಗೆ ಹೋಗಲು ಅವನ ಜಂಬ ಬಿಡಲಿಲ್ಲ. ರಾತ್ರಿ ಹೊಲದಲ್ಲಿ ಕಾಡುಹಂದಿ ಓಡಿಸುವ ದೊಡ್ಡ ಬ್ಯಾಟರಿ ಟಾರ್ಚು ಮನೆಯಲ್ಲಿತ್ತು. ಅದನ್ನೇ ಹಳೇ ಸೀರೆಯ ಚಿಂದಿಯಿಂದ ಹ್ಯಾಂಡಲ್ಲಿಗೆ ಕಟ್ಟಿದ. "ಇದಕ್ಕಿಂತ ಲೈಟು ಬೇಕಾ?" ಎಂದ.

ಮಾರನೇ ಬೆಳಗ್ಗೆ ಎದುರಿಗೆ ಶಾಂತವೀರಪ್ಪನವರು ತಮ್ಮ ಟಿವಿಎಸ್ ಗಾಡಿಯಲ್ಲಿ ಬಂದರು. ಊರ ಹಿರಿಯರು, ಅವಸರದ ಮನುಷ್ಯರಲ್ಲ. ಬ್ಯಾಟರಿಯ ಬೆಳಕು ನೇರ ಅವರ ಕಣ್ಣಿಗೆ ಹೊಡೆಯಿತು. ಅವರು ಲಾರಿ ಬಂತೆಂದು ಗಾಡಿ ಪಕ್ಕಕ್ಕೆ ಎಳೆದರು. ಗಾಡಿ ಹೋಗಿ ಸರ್ಕಾರಿ ಜಾಲಿಯ ಮುಳ್ಳುಪೊದೆಯೊಳಗೆ ನಿಂತಿತು.

"ಅಯ್ಯೋ ಶಾಂತವೀರಪ್ಪೋರೇ, ನಾನು ಜಂಪಣ್ಣ!"

"ಹಂದಿ ಹೊಡೆಯೋ ಬ್ಯಾಟ್ರಿ ತಂದು ಮನುಷ್ಯರಿಗೆ ಹೊಡಿತೀಯೇನಲೇ? ಎಲ್ಲೆಲ್ಲಿ ಮುಳ್ಳು ಹೊಕ್ಕೈತೆ ಅಂತ ಹೇಳೋಕೂ ಆಗ್ತಿಲ್ಲ ನನಗೆ!" ಎಂದ ಶಾಂತವೀರಪ್ಪನವರು ಆ ದಿನ ಗಾಡಿಯ ಮೇಲೆ ಕೂರಲಾಗದೆ ರಾಂಪುರದ ಕಡೆಗೇ ತಿರುಗಿಸಿ ತಳ್ಳಿಕೊಂಡು ಹೋದರು. ಜಂಪಣ್ಣನನ್ನೂ ಬಿಡಲಿಲ್ಲ. ಡೈರಿಗೆ ಹಾಲು ಹಾಕಿಸಿ, ನೇರ ಹೊನ್ನೂರಸ್ವಾಮಿಯ ಸೈಕಲ್ ಶಾಪಿಗೆ ಕರೆದೊಯ್ದರು.

ಹೊನ್ನೂರಸ್ವಾಮಿ ಜಂಪಣ್ಣನ ಚಿಕ್ಕಂದಿನ ಗೆಳೆಯ. ಅವನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎಲ್ಲಾ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಾಲ್ಕು ಬಗೆಯ ಲೈಟು ತಂದು ಮುಂದಿಟ್ಟ.

"ಯಾವುದು ಎಲ್ಲಕ್ಕಿಂತ ದೊಡ್ಡದೋ ಅದು ಕೊಡು" ಎಂದ ಜಂಪಣ್ಣ.

"ಇದೇನು ಕುಂಬಳಕಾಯಾ, ದೊಡ್ಡದು ಆರಿಸ್ಕೊಳ್ಳೋಕೆ? ಇಟ್ಲ ಚೂಡು, ಇಲ್ಲಿ ನೋಡು. ಬೆಳಕು ಬಿಳೀದಿರಬೇಕು. ರಸ್ತೆ ಮೇಲೆ ಬೀಳಬೇಕು, ಎದುರಿನವರ ಮುಖಕ್ಕೆ ಬೀಳಬಾರದು. ಮಳೆ ಹನಿ, ಧೂಳು ಒಳಗೆ ಹೋಗಬಾರದು. ನಿಮ್ಮನೇಲಿ ಮೊಬೈಲ್ ಚಾರ್ಜರ್ ಐತಲ್ಲ?"

"ಐತೆ. ಯಾವಾಗ್ಲೂ ಜೋಗಮ್ಮನ ಮೊಬೈಲೇ ಅದಕ್ಕೆ ನೇತಾಡ್ತಿರ್ತೈತೆ."

"ಅದೇ ವೈರು ಹಿಡಿಯೋ ಲೈಟು ತಗೋ. ಸೆಲ್ಲು ಹುಡುಕೋ ತಾಪತ್ರಯ ಇರಲ್ಲ. ಚಾರ್ಜು ಕಮ್ಮಿ ಆದ್ರೆ ಈ ಸಣ್ಣ ಕೆಂಪು ದೀಪ ಹೇಳ್ತೈತೆ."

ಹೊನ್ನೂರಸ್ವಾಮಿ ಅಂಗಡಿಯ ಬಾಗಿಲು ಮುಚ್ಚಿ ಕತ್ತಲು ಮಾಡಿ, ಲೈಟು ಹಚ್ಚಿ ತೋರಿಸಿದ. ಗುಂಡಿ ಒಂದು ಸಲ ಒತ್ತಿದರೆ ನಿಂತ ಬೆಳಕು, ಇನ್ನೊಂದು ಸಲ ಒತ್ತಿದರೆ ಮಿಣುಕು ಬೆಳಕು. ಜಂಪಣ್ಣನಿಗೆ ಮಿಣುಕು ಬಹಳ ಹಿಡಿಸಿತು. "ಪೊಲೀಸ್ ಜೀಪಿನಂಗೈತೆ!" ಎಂದ.

"ಕತ್ತಲಲ್ಲಿ ಮಿಣುಕು ಬ್ಯಾಡಪ್ಪ. ನೀನು ಎಷ್ಟು ದೂರ ಇದ್ದೀಯ ಅಂತ ಎದುರಿನವನಿಗೆ ಅಂದಾಜು ಸಿಗಲ್ಲ, ನಿನಗೂ ಗುಂಡಿ ಕಾಣಲ್ಲ. ನಿಂತ ಬೆಳಕೇ ಇಡು."

ಸೀರೆಯ ಚಿಂದಿ ಬಿಚ್ಚಿ ಎಸೆದು, ಹ್ಯಾಂಡಲ್ಲಿನ ನಡುಮಧ್ಯಕ್ಕೆ ಮೊದಲು ಒಂದು ರಬ್ಬರ್ ಪಟ್ಟಿ ಸುತ್ತಿದ. ಅದರ ಮೇಲೆ ಹಿಡಿಕೆ ಕೂರಿಸಿ ಸ್ಕ್ರೂ ಬಿಗಿದ. "ರಬ್ಬರ್ ಇಲ್ದಿದ್ರೆ ನಮ್ಮ ರಸ್ತೆ ಗುಂಡಿಗೆ ಲೈಟು ತಲೆ ತಗ್ಗಿಸಿ ನಿನ್ನ ಚಪ್ಪಲಿ ನೋಡ್ತೈತೆ" ಎಂದ. ಬ್ರೇಕಿನ ಸರಳಿಗೆ ತಾಗುತ್ತದೆಯೇ ಎಂದು ಎರಡೂ ಬ್ರೇಕು ಹಿಡಿದು ನೋಡಿದ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ. ಕೊನೆಗೆ ಮೂತಿಯನ್ನು ಸ್ವಲ್ಪ ಕೆಳಗೆ ಬಾಗಿಸಿದ. ಬೆಳಕಿನ ನಡುಭಾಗ ಹತ್ತು ಹೆಜ್ಜೆ ಮುಂದೆ ನೆಲದ ಮೇಲೆ ಬಿತ್ತು.

"ಶಾಂತವೀರಪ್ಪೋರೇ, ಎದುರಿಗೆ ನಿಂತು ನೋಡ್ರಿ. ಕಣ್ಣು ಕುಕ್ತೈತಾ?"

ಅವರು ಕುಂಟುತ್ತ ಎದುರಿಗೆ ಹೋಗಿ ನಿಂತರು. "ಇಲ್ಲಪ್ಪ, ಈಗ ಮನುಷ್ಯರ ಲೈಟು ಆತು" ಎಂದರು. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ರಿಫ್ಲೆಕ್ಟರನ್ನೂ ಅವರೇ ಹಾಕಿಸಿದರು.

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಗೆ ಹೊಸ ವಸ್ತು ಬಂದರೆ ನಮ್ಮವರು ಸುಮ್ಮನೆ ಬಿಡುತ್ತಾರೆಯೇ? ಜೋಗಮ್ಮ ಸಂಜೆ ಸ್ನಾನ ಮಾಡಿ, ಲೈಟಿನ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಅಗಲವಾಗಿ ಕುಂಕುಮ ಇಟ್ಟು, ಮೇಲೆ ಮೊಳದುದ್ದ ಚೆಂಡುಹೂವಿನ ಹಾರ ಹಾಕಿದಳು. ಕಾಯಿ ಒಡೆದಳು. ಗಂಡ ಕ್ಷೇಮವಾಗಿ ಬರಲಿ ಎಂದು ಕೈಮುಗಿದಳು.

ಬೆಳಗ್ಗೆ ಜಂಪಣ್ಣ ಗುಂಡಿ ಒತ್ತಿದರೆ ಬೆಳಕೇ ಇಲ್ಲ. ಹೂವಿನ ಸಂದಿಯಿಂದ ಮಿಂಚುಹುಳದಷ್ಟು ಕೆಂಪಗೆ ಏನೋ ಇಣುಕಿತು. ಅವನು ಸೈಕಲ್ಲು ತಳ್ಳಿಕೊಂಡೇ ರಾಂಪುರ ಸೇರಿ ಅಂಗಡಿಯ ಮುಂದೆ ರೇಗಾಡಿದ: "ಗೆಳೆಯ ಅಂತ ನಂಬಿದ್ರೆ ಕೆಟ್ಟ ಮಾಲು ಕೊಟ್ಯಲ್ಲೋ!"

ಹೊನ್ನೂರಸ್ವಾಮಿ ಹಾರ ತೆಗೆದು, ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದ. ಬೆಳಕು ಜಂಪಣ್ಣನ ಪಂಚೆಯ ಮೇಲೆ ಬಿತ್ತು. "ಜೋಗಮ್ಮಗೆ ಹೇಳು, ಪೂಜೆ ಹ್ಯಾಂಡಲ್ಲಿಗೆ ಮಾಡ್ಲಿ, ಗಾಜಿಗೆ ಬ್ಯಾಡ. ಹಾರ, ಚೀಲ, ಟವೆಲ್ಲು, ಏನೂ ಲೈಟಿನ ಮುಂದೆ ನೇತಾಡಬಾರ್ದು. ದಿನಾ ಒಂದ್ಸಲ ಧೂಳು ಒರೆಸು."

ಜಂಪಣ್ಣ ದಿನಾ ಒರೆಸತೊಡಗಿದ. ಆದರೆ ಒಳಗೊಳಗೇ ಅವನಿಗೆ ಇದೆಲ್ಲ ಹೆಂಡತಿಯ ಸಮಾಧಾನಕ್ಕೆ ಅಷ್ಟೇ ಎಂಬ ಭಾವನೆ ಇತ್ತು. ದಾರಿ ಗೊತ್ತಿರುವವನಿಗೆ ದೀಪ ಯಾಕೆ ಎಂಬುದು ಹೋಗಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಗ್ಗೆ ಜಂಪಣ್ಣ ತನ್ನ ಎಡಗಡೆಯೇ ಹೋಗುತ್ತಿದ್ದ. ಎದುರಿನಿಂದ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ನಿಧಾನಕ್ಕೆ ಬರುತ್ತಿತ್ತು. ಅದರ ಹಿಂದಿನಿಂದ ಒಂದು ಲಾರಿ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಇವನ ಕಡೆಗೇ ನುಗ್ಗಿತು. ಜಂಪಣ್ಣನಿಗೆ ಕಂಡದ್ದು ಎರಡು ದೊಡ್ಡ ಕಣ್ಣು, ಅಷ್ಟೆ. ಅಷ್ಟರಲ್ಲಿ ಬ್ರೇಕಿನ ಕಿರುಚಾಟ ಕೇಳಿತು. ಲಾರಿ ವಾಲಾಡುತ್ತ ಮತ್ತೆ ಟ್ರ್ಯಾಕ್ಟರಿನ ಹಿಂದಕ್ಕೆ ಸರಿದು, ಇವನನ್ನು ದಾಟಿ ಸ್ವಲ್ಪ ಮುಂದೆ ನಿಂತಿತು.

ಡ್ರೈವರ್ ಇಳಿದು ಓಡಿ ಬಂದ. "ತಪ್ಪಾತು ಅಜ್ಜ. ದಾರಿ ಖಾಲಿ ಐತೆ ಅನ್ಕಂಡು ನುಗ್ಗಿಸ್ಬಿಟ್ಟೆ. ನೀನು ಕಾಣ್ಲೇ ಇಲ್ಲ. ದೂರದಲ್ಲಿ ಆ ಲೈಟು ಕಾಣ್ತು, ಅದ್ಕೇ ಬ್ರೇಕ್ ಹೊಡ್ದೆ."

ಜಂಪಣ್ಣ ಸೈಕಲ್ಲಿನಿಂದ ಇಳಿದು ಆ ಲೈಟನ್ನೇ ನೋಡಿದ. ಅವನಿಗೆ ದಾರಿ ಗೊತ್ತಿತ್ತು, ನಿಜ. ಆದರೆ ಅವನು ದಾರಿಯಲ್ಲಿ ಇದ್ದಾನೆ ಅಂತ ಆ ಡ್ರೈವರಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿದ್ದು ಅಂಗೈಯಷ್ಟು ಅಗಲದ ಒಂದು ಲೈಟು.

ಆ ದಿನ ಅವನು ಟೀಗೆ ನಿಲ್ಲಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಜೋಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಜಂಪಣ್ಣ ಮೆಲ್ಲಗೆ ಕೇಳಿದ: "ಹಂಗಾರೆ ಸೈಕಲ್ಲು ಗುಜರಿಗಾ?"

"ಸುಮ್ನಿರ್ರಿ. ನೀವು ಬೇಕಾದ್ರೆ ಗುಜರಿಗೆ ಹೋಗ್ರಿ, ಆ ಲೈಟಿರೋ ಸೈಕಲ್ಲು ಇಲ್ಲೇ ಇರ್ಲಿ" ಎಂದು ಅಳುವಿನಲ್ಲೇ ನಕ್ಕ ಜೋಗಮ್ಮ, ಎದ್ದು ಹೋಗಿ ಚಾರ್ಜರಿನಿಂದ ತನ್ನ ಮೊಬೈಲು ಕಿತ್ತು ಲೈಟು ಸಿಕ್ಕಿಸಿದಳು.

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ದಾರಿ ನಿಮಗೂ ಗೊತ್ತಿರುತ್ತದೆ. ಇವತ್ತು ಕತ್ತಲಾದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯವರ ಕೈಗೆ ಸೈಕಲ್ಲು ಕೊಟ್ಟು, ನೀವು ಐವತ್ತು ಹೆಜ್ಜೆ ದೂರ ಹೋಗಿ ತಿರುಗಿ ನಿಂತು ನೋಡಿ. ನಿಮ್ಮವರು ನಿಮಗೇ ಕಾಣದಿದ್ದರೆ ಲಾರಿಯವನಿಗೆ ಹೇಗೆ ಕಂಡಾರು? ನಾಳೆಯೇ ಸೈಕಲ್ ಶಾಪಿಗೆ ಹೋಗಿ. ಮುಂದೆ ಒಂದು ಬಿಳೀ ಲೈಟು, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಹಾಕಿಸಿ. ಮನೆಯಲ್ಲಿ ನಿಮ್ಮ ದಾರಿ ಕಾಯುವವರು ಇದ್ದಾರೆ.