ಗೋಡೆಗೆ ಮುಖ ಮಾಡಿದ ಕುರ್ಚಿ

"ಹಾಗಲ್ರೋ, ಗೋಡೆ ಕಡೆಗೆ ತಿರುಗಿಸಿಡಿ!" ಎಂದು ಹಗ್ಗಣ್ಣ ಕೂಗಿದ. ಇಬ್ಬರು ಒಂದು ಮರದ ಕುರ್ಚಿ ಹೊತ್ತು ಹೈಸ್ಕೂಲಿನ ಸಭಾಂಗಣದ ವೇದಿಕೆ ಹತ್ತಿದ್ದರು. ಒಂದು ಕೈ ಮುರಿದ ಕುರ್ಚಿ. ವರ್ಷಗಟ್ಟಲೆ ಒಂದೇ ಬೆನ್ನು ಉಜ್ಜಿ ಅದರ ಒರಗು ನುಣ್ಣಗಾಗಿತ್ತು. ವೇದಿಕೆಯ ಎಡಮಗ್ಗುಲಲ್ಲಿ, ಪರದೆಯ ಹಗ್ಗ ಇಳಿಬಿದ್ದ ಜಾಗದ ಪಕ್ಕ, ಅದನ್ನು ಗೋಡೆಗೆ ಮುಖ ಮಾಡಿಸಿ ಇಟ್ಟರು.

ಕುರ್ಚಿಯ ಒಡೆಯರು ವೇದಿಕೆಯ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಈ ಶಾಲೆಯಲ್ಲಿ ಭೂಗೋಳ ಕಲಿಸಿದ, ಅದಕ್ಕಿಂತ ಹೆಚ್ಚಾಗಿ ನಾಟಕ ಸಂಘ ನಡೆಸಿದ ಮೇಷ್ಟ್ರು. ಜೀವಮಾನವಿಡೀ ಪರದೆಯ ಮರೆಯಲ್ಲಿ ಕೂತು ಮಕ್ಕಳಿಗೆ ಮರೆತ ಮಾತು ಪಿಸುಗುಟ್ಟಿದವರು ವೇದಿಕೆಯ ನಡುವಿಗೆ ಬಂದದ್ದು ಇದೇ ಮೊದಲು. ಅದಕ್ಕೆ ಸಾಯಬೇಕಾಯಿತು ಎನ್ನುವುದೊಂದು ಬಿಟ್ಟರೆ ಸಂತೋಷಪಡುವ ಸಂಗತಿಯೇ.

ಹಗ್ಗಣ್ಣ ಅವರ ಹಳೆಯ ಶಿಷ್ಯ. ನಾಟಕ ಸಂಘದಲ್ಲಿ ಇದ್ದಷ್ಟು ದಿನವೂ ಅವನಿಗೆ ಮಾತಿರುವ ಪಾತ್ರ ಸಿಗಲಿಲ್ಲ. ಪರದೆಯ ಹಗ್ಗ ಸಿಕ್ಕಿತು, ಹೆಸರೂ ಅದೇ ಅಂಟಿತು. ಈಗ ರಸ್ತೆಯ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಹೆಂಡತಿಯೂ ಹಗ್ಗಣ್ಣ ಎಂದೇ ಕರೆಯುತ್ತಾಳೆ.

ಮುಂದಿನ ಬೆಂಚಿನಲ್ಲಿ ಮೇಷ್ಟ್ರ ಹೆಂಡತಿ ಕೂತಿದ್ದರು. ಪಕ್ಕದಲ್ಲಿ ಮಗ. ನಿವೃತ್ತ ಡ್ರಿಲ್ ಮೇಷ್ಟ್ರು ಬಂದು ಅವನ ಭುಜದ ಮೇಲೆ ಕೈಯಿಟ್ಟರು.

"ವ್ಯಾನ್ ಬರೋ ಹೊತ್ತಾಯ್ತಪ್ಪ. ಅಷ್ಟರೊಳಗೆ ನೀನು ಮೇಲೆ ಹೋಗಿ ಎರಡು ಮಾತು ಆಡ್ಬಿಡು."

"ನನ್ನ ಕೈಲಾಗಲ್ಲ ಸಾರ್. ನೀವೇ ಏನಾದ್ರೂ ಹೇಳಿ."

"ನಂದು ಸೀಟಿ ಊದೋ ಬಾಯಿ ಮಾರಾಯ. ಇಲ್ಲಿ ಸೀಟಿ ಊದಲಾ?"

ಅಮ್ಮ ತಲೆ ಎತ್ತಲಿಲ್ಲ. "ಜನ ಏನಂತಾರೆ ಅಂತ ನಾನು ಹೇಳ್ತಿಲ್ಲ ಕಣೋ," ಎಂದರು. "ನಂಗೇ ಕೇಳಿಸ್ಕೋಬೇಕು ಅನ್ಸಿದೆ. ಇಷ್ಟು ವರ್ಷ ನಿಮ್ಮಿಬ್ಬರ ಮಧ್ಯೆ ನಾನೇ ಪೋಸ್ಟ್‌ಮ್ಯಾನ್ ಆಗಿದ್ದೆ. 'ಅವನು ಊಟ ಮಾಡಿದ್ನಾ ಕೇಳು', 'ಅವರಿಗೆ ಮಾತ್ರೆ ತಗೊಳೋಕೆ ಹೇಳು'. ಇವತ್ತಾದ್ರೂ ನೀನೇ ನೇರವಾಗಿ ಅವರ ಹತ್ರ ಮಾತಾಡು."

ಮಗ ನಗರದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಬೆಳಗ್ಗೆಯಿಂದ ಸಂಜೆಯವರೆಗೆ ಯಾರೊಂದಿಗೂ ಮಾತಾಡದೆ ಮಾಡಬಹುದಾದ ಕೆಲಸ. ಅದನ್ನು ಹಿಡಿದದ್ದೇ ಆ ಕಾರಣಕ್ಕೆ ಎಂದು ಅಮ್ಮನಿಗೆ ಮೊದಲಿನಿಂದಲೂ ಗುಮಾನಿ. ಈಗವನು ಎದ್ದು, ವೇದಿಕೆಯ ಎಡಮಗ್ಗುಲ ಮೆಟ್ಟಿಲು ಹತ್ತಿ ಪರದೆಯ ಮರೆಗೆ ಹೋದ. ಮಾತಾಡುವುದಕ್ಕಲ್ಲ, ಜನರ ಕಣ್ಣು ತಪ್ಪಿಸುವುದಕ್ಕೆ.

*

ಆಗೆಲ್ಲ ಶಾಲೆಯಲ್ಲಿ ಶುಕ್ರವಾರದ ಕೊನೆಯ ಪೀರಿಯಡ್ ಸಂಘಗಳದ್ದು. ವಿಜ್ಞಾನ ಸಂಘದವರು ಬಾಟಲಿಯಲ್ಲಿ ಕಪ್ಪೆ ಇಟ್ಟುಕೊಂಡು ಜಂಬಪಡುತ್ತಿದ್ದರು. ತೋಟಗಾರಿಕೆ ಸಂಘದವರು ಕಳೆ ಕೀಳುತ್ತಿದ್ದರು. ಚರ್ಚಾ ಸಂಘದವರು ಜಗಳವಾಡಿ ಅದಕ್ಕೆ ಬಹುಮಾನ ಹೊಡೆಯುತ್ತಿದ್ದರು. ಇದ್ಯಾವುದಕ್ಕೂ ಒಗ್ಗದವರು, ಗುದ್ದಲಿ ಕಂಡರೆ ಜ್ವರ ಬರುವವರು, ನಾಟಕ ಸಂಘಕ್ಕೆ ಬಂದು ಬೀಳುತ್ತಿದ್ದರು. ಅದನ್ನು ಭೂಗೋಳದ ಮೇಷ್ಟ್ರ ಕೊರಳಿಗೆ ಕಟ್ಟಿದ್ದೂ ಬೇರೆ ಯಾರೂ ಒಪ್ಪದ್ದರಿಂದ. ಕೊರಳಿಗೆ ಬಿದ್ದದ್ದನ್ನು ಅವರು ಎದೆಗೆ ಅವಚಿಕೊಂಡರು.

ಮಾತು ಮರೆತವರಿಗೆ ಅವರು ಪೂರ್ತಿ ಸಾಲು ಹೇಳಿಕೊಡುತ್ತಿರಲಿಲ್ಲ. "ಮೊದಲ ಪದ ನಂದು, ಮಿಕ್ಕಿದ್ದು ನಿಂದು" ಎನ್ನುವುದು ಅವರ ಕಾನೂನು. ನಾಟಕದ ಹಾಳೆಗಳ ಮೇಲೆ ಬೆರಳಿಟ್ಟು, ತಲೆ ತಗ್ಗಿಸಿ ಕೂತಿರುತ್ತಿದ್ದರು. ಯಾರ ಉಸಿರು ತುಸು ಎಡವಿದರೂ ಸಾಕು, ಆ ಒಂದು ಪದ ಹೋಗಿ ಮುಟ್ಟುತ್ತಿತ್ತು.

ಮಗ ಹತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಮೇಷ್ಟ್ರೇ ಒಂದು ನಾಟಕ ಬರೆದರು. ಮಗನಿಗೆ ಅಂಬಿಗನ ಪಾತ್ರ. ತಲೆಗೆ ಸುತ್ತುವ ಕೆಂಪು ಬಟ್ಟೆಯನ್ನು ಅಮ್ಮ ಹೊಲಿದುಕೊಟ್ಟಿದ್ದರು. ಅವನು ಹುಟ್ಟು ಹಾಕತೊಡಗಿದಾಗ ರಟ್ಟಿನ ದೋಣಿ ನಿಜಕ್ಕೂ ನೀರಲ್ಲಿ ಹೋದಂತೆ ಕಂಡಿತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವನ ಮುಂದಿನ ಮಾತು ಕೊಚ್ಚಿಹೋಯಿತು.

ಎಡಕ್ಕೆ ನೋಡಿದ. ಕತ್ತಲಲ್ಲಿ ಅಪ್ಪನ ಚಪ್ಪಲಿಯ ತುದಿಯಷ್ಟೇ ಕಾಣುತ್ತಿತ್ತು. ಪದ ಬರಲಿಲ್ಲ. ಮತ್ತೆ ನೋಡಿದ. ಬರಲೇ ಇಲ್ಲ.

"ಅಂಬಿಗ ಮುಳುಗಿದ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ಸಭಾಂಗಣ ನಕ್ಕಿತು. ಹುಡುಗ ದೋಣಿಯಿಂದ ಹಾರಿ ಓಡಿಹೋದ, ಹಿಂದೆಯೇ ಪರದೆ ಬಿತ್ತು. ಆಟದ ಮೈದಾನದ ಕೊನೆಯಲ್ಲಿ ಒಬ್ಬನೇ ನಿಂತಾಗ ಹಾಳಾದ ಮಾತು ಒಂದಕ್ಷರ ಬಿಡದೆ ನೆನಪಾಯಿತು: 'ಹತ್ತಿ ಸ್ವಾಮಿ, ಹತ್ತಿ. ಕತ್ತಲಾಗೋದ್ರೊಳಗೆ ದಾಟಿಸ್ತೀನಿ.'

ಮನೆಯಲ್ಲಿ ಅಪ್ಪ ಹೇಳಿದ್ದು "ಊಟ ಮಾಡು" ಎಂದಷ್ಟೇ. ಮುಂದಿನ ವರ್ಷದಿಂದ ಅವರು ವೇದಿಕೆಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತು ಹೇಳಿಕೊಡತೊಡಗಿದರು. ನಿವೃತ್ತರಾಗುವವರೆಗೂ ಹಾಗೇ. ಮೇಷ್ಟ್ರು ಗೋಡೆಗೆ ಪಾಠ ಮಾಡ್ತಾರೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರು. ಮಗನಿಗೆ ತಮಾಷೆ ಅನಿಸಲಿಲ್ಲ.

*

ಪರದೆಯ ಮರೆಯಲ್ಲಿ ಧೂಳಿನ ವಾಸನೆ ಇನ್ನೂ ಅದೇ. ಹಗ್ಗಣ್ಣ ಹಗ್ಗದ ಪಕ್ಕದಲ್ಲೇ ನಿಂತಿದ್ದ, ಯಾರೋ ಕಾವಲಿಗೆ ನಿಲ್ಲಿಸಿದ ಹಾಗೆ.

"ಅಮ್ಮ ಅಷ್ಟು ಕೇಳ್ತಿದ್ದಾರೆ. ಹೋಗಿ ಮಾತಾಡೋ."

"ಏನಂತ ಮಾತಾಡ್ಲಿ ಹಗ್ಗಣ್ಣ? ಊರ ಮಕ್ಕಳಿಗೆಲ್ಲ ಹೇಳಿಕೊಟ್ರು. ನಂಗೆ ಒಂದೇ ಒಂದು ಪದ, ಅದನ್ನ ಕೊಡಲಿಲ್ಲ. ಮಗ ಅಂತ ಬೇಕಂತಲೇ ಬಿಗಿ ಹಿಡಿದ್ರು. ಆಮೇಲೆ ನನ್ನ ಮುಖ ನೋಡಿದ್ದು ಸಾಕಾಯ್ತು ಅಂತ ಗೋಡೆಗೆ ತಿರುಗಿ ಕೂತ್ರು."

ಹಗ್ಗಣ್ಣ ವೇದಿಕೆಯ ನಡುವಿನ ಬಿಳಿ ಬಟ್ಟೆಯನ್ನು ಒಮ್ಮೆ ನೋಡಿದ, ಅಪ್ಪಣೆ ಕೇಳುವವನಂತೆ.

"ಆವತ್ತು ಮೇಷ್ಟ್ರಿಗೆ ಟಾರ್ಚ್ ಹಿಡಿದಿದ್ದೋನು ನಾನು," ಎಂದ. "ಅವರ ಕಣ್ಣು ಹಾಳೆ ಮೇಲಿರಲಿಲ್ಲ ಕಣೋ. ನಿನ್ನ ಮೇಲಿತ್ತು. ನೀನು ಹುಟ್ಟು ಹಾಕೋಕೆ ಶುರು ಮಾಡಿದಾಗ ತಲೆ ಎತ್ತಿದೋರು ಇಳಿಸ್ಲೇ ಇಲ್ಲ. ಬಾಯಿ ತೆರ್ಕೊಂಡು ನೋಡ್ತಾನೇ ಇದ್ರು, ಮೊದಲ್ನೇ ಸಲ ನಾಟಕ ನೋಡೋ ಮಗು ಥರ. ನೀನು ನಿಂತ್ಬಿಟ್ಟೆ. ಅವರಿಗೆ ಎಲ್ಲಿದೀವಿ ಅಂತಾನೇ ತಿಳೀಲಿಲ್ಲ. ಹಾಳೆ ಎಲ್ಲ ಕೈಜಾರಿ ಕೆಳಗೆ ಬಿದ್ವು. ನಾವಿಬ್ರೂ ನೆಲದ ಮೇಲೆ ಹುಡುಕ್ತಿದ್ವಿ. ಜನ ನಗೋದು ಕೇಳ್ಸಿ ನಾನು ಹೋಗಿ ಪರದೆ ಎಳೆದೆ."

"ಅವರೇ ಬರೆದ ನಾಟಕ ಅದು."

"ಗಾಬರಿ ಆದ್ರೆ ಸ್ವಂತ ಹೆಸರೇ ಮರೆಯತ್ತೆ."

"ಮತ್ತೆ ನಂಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳ್ದೆ. 'ಈಗ ಹೇಳಿದ್ರೆ ನೆಪ ಅನ್ಕೋತಾನೆ, ಬೈಕೊಂಡಾದ್ರೂ ಇರ್ಲಿ ಬಿಡು' ಅಂದ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡ್ರು. ಮೇಷ್ಟ್ರೇ ಕೈ ಹಿಡ್ಕೊಂಡ ಮೇಲೆ ನಾನೇನು ಮಾಡ್ಲಿ?" ಹಗ್ಗಣ್ಣ ಮೂಗೊರೆಸಿಕೊಂಡ. "ಮಾರನೇ ವರ್ಷ ಕುರ್ಚಿ ತಿರುಗಿಸಿದ್ರು. ಯಾಕೆ ಸಾರ್ ಅಂದೆ. 'ನೋಡ್ತಾ ಕೂತ್ರೆ ಹೇಳಿಕೊಡೋ ಕೆಲಸ ಕೆಡುತ್ತೆ. ಒಂದು ಮಗೂಗೆ ಕೆಟ್ಟಿದ್ದು ಸಾಕು' ಅಂದ್ರು. ಆಮೇಲೆ ಒಂದು ನಾಟಕಾನೂ ನೋಡಲಿಲ್ಲ ಅವರು. ಬರೀ ಕೇಳಿದ್ರು."

ಮಗನಿಗೆ ಮೊದಲು ಬಂದದ್ದು ಸಿಟ್ಟು. ಹಗ್ಗಣ್ಣನ ಮೇಲೆ, ಅಪ್ಪನ ಮೇಲೆ, ಕೇಳದೆಯೇ ಉತ್ತರ ಬರೆದುಕೊಂಡ ತನ್ನ ಮೇಲೆ. ಅದರ ಹಿಂದೆಯೇ ಅಳು ಬಂತು. ಗೋಡೆಗೆ ಹಣೆಯಿಟ್ಟು ಅತ್ತ. ಬೇಕಾದಷ್ಟು ಅಳಲಿ ಎಂದು ಹಗ್ಗಣ್ಣ ಬಿಟ್ಟ.

*

ಹೊರಗೆ ವ್ಯಾನ್ ಬಂದು ನಿಂತಿತು. ಹೊರುವವರು ವೇದಿಕೆ ಹತ್ತಿದರು. ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಮಗ ಪರದೆಯ ಮರೆಯಿಂದ ಈಚೆ ಬಂದ. ನೇರವಾಗಿ ಕುರ್ಚಿಯ ಹತ್ತಿರ ಹೋಗಿ ಅದರ ಒರಗು ಹಿಡಿದ.

"ಅಯ್ಯೋ, ಅದು ಯಾವಾಗ್ಲೂ ಗೋಡೆ ಕಡೆಗೇ ಇರೋದು ಕಣಪ್ಪ," ಎಂದರು ಡ್ರಿಲ್ ಮೇಷ್ಟ್ರು.

"ಇವತ್ತು ಅವರು ನೋಡ್ಲಿ ಸಾರ್."

ಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿಟ್ಟು ಬಂದು ಅಪ್ಪನ ಪಕ್ಕದಲ್ಲಿ ನಿಂತ. ಸಭಾಂಗಣ ತುಂಬಿತ್ತು. ಎದುರಿಗೆ ಹಳೆಯ ನಾಟಕಗಳ ರಾಜರು, ಮಂತ್ರಿಗಳು, ಕಳ್ಳರು, ಒಂದು ಕಾಲದಲ್ಲಿ ಮರವಾಗಿ ನಿಂತವರು ಕೂತಿದ್ದರು. ಎಲ್ಲರ ಕೂದಲೂ ನರೆಯತೊಡಗಿತ್ತು.

"ನಮ್ಮಪ್ಪ…" ಎಂದ.

ಮುಂದಿನ ಮಾತು ಬರಲಿಲ್ಲ. ಕಣ್ಣು ತಾನಾಗಿಯೇ ಎಡಕ್ಕೆ ಹೋಯಿತು. ಕುರ್ಚಿ ಅವನನ್ನೇ ನೋಡುತ್ತಿತ್ತು. ಯಾರೂ ನಗಲಿಲ್ಲ. ಎದುರಿಗಿದ್ದ ಕೆಲವರ ತುಟಿ ಅಲುಗಿತಾದರೂ ಯಾವ ಪದ ಕೊಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಹೊರುವವರು ಬಗ್ಗಿ ಚಟ್ಟದ ಹಿಡಿಕೆಗಳಿಗೆ ಕೈಹಾಕಿ, ಅವನ ಮುಖ ನೋಡುತ್ತ ಕಾದರು.

ಅವನು ಜನರ ಕಡೆಯಿಂದ ತಿರುಗಿ ಅಪ್ಪನ ಮುಖದ ಮೇಲೆ ಬಾಗಿದ.

"ಹತ್ತಿ," ಎಂದ. ಧ್ವನಿ ಒಡೆಯಿತು. ಮತ್ತೆ ಮೊದಲಿನಿಂದ, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದ. "ಹತ್ತಿ ಸ್ವಾಮಿ, ಹತ್ತಿ. ಕತ್ತಲಾಗೋದ್ರೊಳಗೆ ದಾಟಿಸ್ತೀನಿ."

ಮುಂದಿನ ಬೆಂಚಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೇಷ್ಟ್ರನ್ನು ಎತ್ತಿದರು. ಮಗ ಮುಂದಿನ ಹಿಡಿಕೆಗೆ ಹೆಗಲು ಕೊಟ್ಟ. ಎಡಮಗ್ಗುಲಲ್ಲಿ ಹಗ್ಗಣ್ಣನ ಕೈ ಅಭ್ಯಾಸಬಲದಿಂದ ಹಗ್ಗಕ್ಕೆ ಹೋಗಿತ್ತು. ಅವರು ಮೆಟ್ಟಿಲಿಳಿದು ಬಾಗಿಲು ದಾಟುವವರೆಗೂ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದ, ಎಳೆಯಲಿಲ್ಲ.